ವಾಸನೆ ಇಲ್ಲದ ಗಾಳಿ

ನಮ್ಮ ಊರಲ್ಲಿ ಫೋನು ಎತ್ತುವ ಮೊದಲು ತಲೆಗೆ ಟವಲ್ಲು ಸುತ್ತಿಕೊಳ್ಳಬೇಕು. ಹೊಸದಾಗಿ ಬಂದವರು ನೋಡಿ ನಗುತ್ತಾರೆ. ಒಂದು ಸಲ ಫೋನು ಎತ್ತಿ ಮುಖಕ್ಕೆ ಗಾಳಿ ಹೊಡೆಸಿಕೊಂಡ ಮೇಲೆ ಅವರೇ ಅಂಗಡಿಗೆ ಹೋಗಿ ಟವಲ್ಲು ತರುತ್ತಾರೆ. ಆ ಕಡೆ ಯಾರು ಮಾತಾಡುತ್ತಾರೋ ಅವರು ನಿಂತ ಜಾಗದ ಗಾಳಿ ಈ ಕಡೆ ಬರುತ್ತದೆ, ನಮ್ಮದು ಆ ಕಡೆ ಹೋಗುತ್ತದೆ. ಅಷ್ಟೇ. ಬೇರೆ ಊರುಗಳಲ್ಲಿ ಬರೀ ಮಾತು ಬರುತ್ತದಂತೆ. ಬರೀ ಮಾತು ಇಟ್ಟುಕೊಂಡು ಆ ಜನ ಹೇಗೆ ಬಾಳುತ್ತಾರೋ ನನಗೆ ತಿಳಿಯದು.

ನಾನು ನರಸಪ್ಪ. ಆಟೋ ಮೇಲೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಕೂಗುವವನು. ನಲ್ಲಿ ನೀರು ಎಷ್ಟೊತ್ತಿಗೆ ಬಿಡುತ್ತಾರೆ, ಯಾರ ಮನೆ ಎಮ್ಮೆ ಕಳೆದಿದೆ, ಯಾವ ಅಂಗಡಿಯಲ್ಲಿ ಸೀರೆಗೆ ಸೀರೆ ಫ್ರೀ, ಎಲ್ಲವೂ ನನ್ನ ಬಾಯಿಂದಲೇ ಊರಿಗೆ ತಿಳಿಯಬೇಕು. ಸ್ಕೂಲಿಗೆ ಮೂರನೇ ಕ್ಲಾಸಿನ ತನಕ ಹೋದೆ. ಆಮೇಲೆ ನನ್ನ ಗಂಟಲಿಗೆ ಆ ರೂಮು ಸಾಲದಾಯಿತು. ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎನ್ನುವವರು ಇದ್ದಾರೆ. ಇರಲಿ. ಈಗ ಹೇಳುತ್ತಿರುವುದು ಇನ್ನೊಂದು ಅರ್ಧ.

ಈ ಗಾಳಿಯಿಂದಾಗಿ ನಮ್ಮ ಊರಿಗೆ ಕೆಲವು ಮರ್ಯಾದೆಗಳು ಬಂದಿವೆ. ಬೀಗರಿಗೆ ಫೋನು ಮಾಡುವ ಮೊದಲು ಒಲೆ ಮೇಲಿನ ಒಗ್ಗರಣೆ ಇಳಿಸಿ ಊದುಬತ್ತಿ ಹಚ್ಚುತ್ತಾರೆ. ಹೆಣ್ಣು ಕೇಳುವವರು ಒಂದು ಮೊಳ ಮಲ್ಲಿಗೆ ಫೋನಿನ ಮುಂದೆ ಇಟ್ಟುಕೊಂಡೇ ಮಾತು ಶುರು ಮಾಡುತ್ತಾರೆ. ದೇವಸ್ಥಾನದಲ್ಲಿ ಇದ್ದೀನಿ ಕಣೇ ಎಂದು ಹೆಂಡತಿಗೆ ಹೇಳಿದ ಒಬ್ಬನ ಫೋನಿನಿಂದ ಕಬಾಬಿನ ಹೊಗೆ ಬಂತು. ಅವನು ಅವಳಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದ ಮೇಲೆಯೇ ಆ ಮನೆ ತಣ್ಣಗಾಗಿದ್ದು. ಪೋಸ್ಟಾಫೀಸಿನ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಮಗಳನ್ನು ಸಮುದ್ರದ ಊರಿಗೆ ಕೊಟ್ಟಿದ್ದಾಳೆ. ಸಂಜೆ ಮಗಳ ಫೋನು ಬಂದರೆ ಹಗ್ಗದ ಮೇಲಿನ ಸೀರೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ, ತುಟಿ ನೆಕ್ಕಿದರೆ ಉಪ್ಪು. ಆ ಹೊತ್ತಿಗೆ ಬೀದಿಯವರೆಲ್ಲ ಅವಳ ಜಗಲಿಗೆ ಬಂದು ಕೂರುತ್ತಾರೆ. ನಾವು ಯಾರೂ ಸಮುದ್ರ ನೋಡಿದವರಲ್ಲ. ಆದರೆ ಅದು ಹೇಗೆ ಉಸಿರಾಡುತ್ತದೆ ಎಂಬುದು ನಮ್ಮ ಊರಿಗೆ ಗೊತ್ತು.

ಇಂಥ ಊರಿಗೆ ಆ ಫೋನುಗಳು ಬರತೊಡಗಿದವು. "ನಮಸ್ಕಾರ ಸರ್, ನಾನು ಪ್ರಿಯಾ ಮಾತನಾಡುತ್ತಿದ್ದೇನೆ. ತಮ್ಮ ಅಮೂಲ್ಯವಾದ ಸಮಯವನ್ನು ನೀಡಬಹುದೇ?" ಆ ಕಡೆ ಎಲ್ಲಾ ಹುಡುಗಿಯರೂ ಪ್ರಿಯಾ, ಎಲ್ಲಾ ಹುಡುಗರೂ ರಾಹುಲ್. ಕಾರ್ಡು ಬೇಕಾ, ಸೈಟು ಬೇಕಾ, ನಮ್ಮ ಸೇವೆಗೆ ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಾ. ಬಾಯಿಗೆ ಮುದ್ದೆ ಇಟ್ಟಾಗ, ತಲೆಗೆ ಸೀಗೆಕಾಯಿ ಹಾಕಿದಾಗ, ಹಸು ಕರು ಹಾಕುವಾಗ. ಈ ಕಾಟ ಎಲ್ಲಾ ಊರಿಗೂ ಇದ್ದದ್ದೇ. ನಮ್ಮ ಕಾಟ ಅದಲ್ಲ. ಆ ಫೋನು ಎತ್ತಿದರೆ ಹಿಮದಂಥ ಗಾಳಿ ನುಗ್ಗುತ್ತಿತ್ತು. ಮಕ್ಕಳಿಗೆ ನೆಗಡಿ, ಮುದುಕರಿಗೆ ಮಂಡಿ ನೋವು, ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಜನ ಹೆದರಿದ್ದು ಬೇರೆಯದಕ್ಕೆ. ಆ ಗಾಳಿಗೆ ವಾಸನೆಯೇ ಇರಲಿಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಬುಡೇನ್ ಸಾಬರು ಒಂದು ದಿನ ಅಂಥ ಫೋನನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿ ನೋಡಿದರು. "ನರಸಪ್ಪಣ್ಣ, ಇದು ಯಾವ ಊರಿಂದು ಹವಾ? ಮಣ್ಣಿಲ್ಲ, ಒಲೆಯಿಲ್ಲ, ಬೆವರಿಲ್ಲ. ಸತ್ತೋರ ಜಾಗಕ್ಕೂ ಸಾಂಬ್ರಾಣಿ ವಾಸ್ನೆ ಇರ್ತದೆ ಕಣಪ್ಪ!" ಎಂದರು. ಅಂದಿನಿಂದ ಜನ ಉಪಾಯ ಮಾಡಿದರು. ಕೆಲವರು ಫೋನನ್ನು ರಾಗಿ ಡ್ರಮ್ಮಿನಲ್ಲಿ ಇಟ್ಟು ಮುಚ್ಚಳ ಹಾಕಿದರು. ಸಾಬರ ಹೆಂಡತಿ ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿ ಅದರ ಮೇಲೆ ಫೋನು ಹಿಡಿದಳು. ಆ ಕಡೆ ಒಂದು ಪ್ರಿಯಾ ಕೆಮ್ಮಿತು, ಆಮೇಲೆ ಇನ್ನೊಂದು, ಆಮೇಲೆ ಆಫೀಸಿನ ದೊಡ್ಡ ರೂಮಿನ ತುಂಬ ಕೆಮ್ಮು. ಸ್ವಲ್ಪ ದಿನ ನೆಮ್ಮದಿಯಾಗಿತ್ತು. ಮತ್ತೆ ಶುರುವಾಯಿತು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು ಪಿಳ್ಳಮ್ಮ, ನನಗೆ ಪಿಳ್ಳಕ್ಕ. ಊರಿನ ತುದಿಯಲ್ಲಿ ಅವಳ ಮನೆ, ಹಿಂದೆ ರೇಷ್ಮೆ ಸೊಪ್ಪಿನ ತೋಟ, ನಡುವೆ ಹುಳದ ಮನೆ. ನನಗೆಷ್ಟು ಮಾತೋ ಅವಳಿಗೆ ಅಷ್ಟು ಮೌನ. ಇಬ್ಬರಿಗೂ ಹಂಚಬೇಕಾದ ಬಾಯನ್ನು ನಮ್ಮಮ್ಮ ನನಗೊಬ್ಬನಿಗೇ ಬಡಿಸಿಬಿಟ್ಟಳು. ಪಿಳ್ಳಕ್ಕ ಮಾತಾಡುವುದೆಲ್ಲ ಹುಳಗಳ ಜೊತೆ. ಅವಳ ಹುಳದ ಮನೆಗೆ ಕಾಲು ತೊಳೆದು, ಬಾಗಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದು ಹೋಗಬೇಕು. ಬೀಡಿ ಸೇದಿದವರು, ಗಂಧದೆಣ್ಣೆ ಹಚ್ಚಿದವರು, ಮೀನು ತಿಂದವರು ಹೊರಗೇ ನಿಲ್ಲಬೇಕು. ರೇಷ್ಮೆ ಹುಳಕ್ಕೆ ವಾಸನೆ ಆಗದು. ಫೋನಂತೂ ಅಲ್ಲಿಗೆ ಬರಲೇಕೂಡದು. "ಯಾರ್ಯಾರ್ದೋ ಊರ್ ಗಾಳಿ ನನ್ ಮಕ್ಳಿಗ್ ಬ್ಯಾಡ" ಎನ್ನುತ್ತಿದ್ದಳು. ವಾರಕ್ಕೆ ಅವಳು ಆಡುತ್ತಿದ್ದುದು ಬಹುಶಃ ಅದೊಂದೇ ಮಾತು.

ಹಿಂದಿನ ಎರಡು ಬೆಳೆಯೂ ಸೆಕೆಗೆ ಹೋಗಿತ್ತು. ಹುಳ ಸೊಪ್ಪು ತಿನ್ನುವುದು ಬಿಟ್ಟು, ಮೈ ಸಡಿಲವಾಗಿ, ಮುಟ್ಟಿದರೆ ನೀರಾಗುತ್ತಿದ್ದವು. ಎರಡು ಸಲವೂ ಬಾವ ಆವುಲಪ್ಪನೇ ತೋಟದ ಮೂಲೆಯಲ್ಲಿ ಗುಂಡಿ ತೋಡಿ ಮಕ್ಕರಿಗಟ್ಟಲೆ ಹುಳ ಹೂತಿದ್ದ. ಬಾವ ಕೆಟ್ಟವನಲ್ಲ, ಸೋತವನು. ಮೂರನೇ ಬೆಳೆ ತರುವ ದಿನ ಅವನು ನನ್ನ ಎದುರಿಗೇ ಹೇಳಿದ. "ಇದೇ ಕೊನೇದು ಪಿಳ್ಳಿ. ಇವೂ ಹೋದ್ರೆ ತೋಟ ಇಟ್ಟಿಗೆ ಗೂಡಿನೋರಿಗೆ. ಮಣ್ಣು ಕೆರ್ಕೊಂಡು ಹೋಗ್ಲಿ. ಸತ್ತ ಹುಳ ಹೊತ್ಕೊಂಡು ಹೋಗೋಕೆ ನನ್ ಕೈಲಿ ಇನ್ನಾಗಲ್ಲ." ಇಟ್ಟಿಗೆಯವರು ಒಂದು ಸಲ ಕೆರೆದ ನೆಲದಲ್ಲಿ ಆಮೇಲೆ ಎಕ್ಕವೂ ಹುಟ್ಟುವುದಿಲ್ಲ. ಪಿಳ್ಳಕ್ಕ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತ ಕೂತಿದ್ದಳು. ಕತ್ತಿ ಮಾತ್ರ ಒಂದು ಸಲ ನಿಂತು, ಮತ್ತೆ ನಡೆಯಿತು.

ಹುಳ ಚೆನ್ನಾಗಿಯೇ ಬೆಳೆದವು. ಹುಳ ಚರ್ಮ ಬಿಡುವ ಹೊತ್ತಿಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕೂ ಜ್ವರ ದಾಟಿ ಬೆರಳಷ್ಟು ದಪ್ಪವಾದವು. ಇನ್ನು ಹೊಟ್ಟೆ ತುಂಬ ತಿಂದು ಹಣ್ಣಾಗಿ ಗೂಡು ಕಟ್ಟುವುದೊಂದೇ ಬಾಕಿ. ಆಗ ಬಂತು ಸೆಕೆ. ಎಂಥ ಸೆಕೆ ಎಂದರೆ ಕಾಗೆಗಳು ಹಾರುವುದು ಬಿಟ್ಟು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ನಡೆದುಕೊಂಡು ಹೋಗುತ್ತಿದ್ದವು. ಮಾಳಿಗೆ ಮೇಲೆ ಹಪ್ಪಳ ಒಣಹಾಕಿದವರು ಸುಟ್ಟ ಹಪ್ಪಳ ಇಳಿಸಿಕೊಂಡು ಬಂದರು. ಕರೆಂಟು ಹೋಗಿ ಫ್ಯಾನು ನಿಂತಿತು. ಪಿಳ್ಳಕ್ಕ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು. ಎರಡನೆಯದು ಕಟ್ಟುವಷ್ಟರಲ್ಲಿ ಮೊದಲನೆಯದು ಒಣಗಿ ಗರಿಗರಿಯಾಗುತ್ತಿತ್ತು.

ಮಧ್ಯಾಹ್ನ ಬಾವ ಓಡಿ ಬಂದು, "ನರಸ, ಬಾರೋ, ಹುಳ ಸೊಪ್ಪು ಬಿಟ್ಟವೆ" ಎಂದ. ಹೋಗಿ ನೋಡಿದರೆ ಹುಳ ಸಾಕುವ ಬಿದಿರಿನ ತಟ್ಟೆಗಳ ಮೇಲೆ ಹಾಕಿದ ಸೊಪ್ಪು ಹಾಗೇ ಇದೆ. ಹುಳಗಳು ಅದರ ಮೇಲೆ ಸೋತ ಬೆರಳುಗಳಂತೆ ಬಿದ್ದಿವೆ. ಪಿಳ್ಳಕ್ಕ ಬೀಸಣಿಗೆ ಹಿಡಿದು ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದಾಳೆ. ನಾವು ಮೂವರೂ ಮೇಲಿನ ತಟ್ಟೆಗಳನ್ನು ನೆಲಕ್ಕೆ ಇಳಿಸತೊಡಗಿದೆವು. ಆಗ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವಸರದಲ್ಲಿ ಅದನ್ನು ಹೊರಗೆ ಇಟ್ಟು ಬಂದಿರಲಿಲ್ಲ. ಪಿಳ್ಳಕ್ಕ ನನ್ನನ್ನು ನೋಡಿದ ನೋಟಕ್ಕೆ ನಿಲ್ಲಿಸಲು ಹೋಗಿ ಎತ್ತಿಬಿಟ್ಟೆ.

"ನಮಸ್ಕಾರ ಸರ್, ನಾನು ಪ್ರಿಯಾ. ತಾವು ಖರೀದಿಸಿದ ನಮ್ಮ ಸೋಫಾ ಸೆಟ್ಟಿನ ಬಗ್ಗೆ ತಮ್ಮ ಅನುಭವ ತಿಳಿಯಲು ಕರೆ ಮಾಡಿದ್ದೇನೆ."

ಗಾಳಿ ನುಗ್ಗಿತು. ನನ್ನ ಬೆವರು ಕುತ್ತಿಗೆಯಲ್ಲೇ ತಣ್ಣಗಾಯಿತು. ಕಟ್ ಮಾಡಲು ಹೆಬ್ಬೆರಳು ಎತ್ತಿದ್ದೆ. ನನ್ನ ಮುಂದಿನ ತಟ್ಟೆಯಲ್ಲಿ ಒಂದು ಹುಳ ತಲೆ ಎತ್ತಿತು. ಅದರ ಪಕ್ಕದ್ದೂ ಎತ್ತಿತು. ಆಮೇಲೆ ಸೊಪ್ಪಿನ ಅಂಚಿಗೆ ಬಾಯಿ ಹಾಕಿ ಕರಕರ ಕೊರೆಯತೊಡಗಿತು. ಆ ಗಾಳಿಗೆ ವಾಸನೆ ಇರಲಿಲ್ಲವಲ್ಲ, ಹುಳಕ್ಕೆ ಬೇಕಾದದ್ದು ಅಂಥದೇ.

"ಕಟ್ ಮಾಡ್ಬ್ಯಾಡ ಕಣೋ!" ಪಿಳ್ಳಕ್ಕ ಕಿರುಚಿದಳು. ಅವಳು ಕಿರುಚಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. "ಮಾತಾಡು! ಏನಾರ ಮಾತಾಡು!"

ಮಾತಾಡು ಎಂದರೆ ನನಗೇನು ಕಷ್ಟ? "ಸೋಫಾನಾ ತಾಯಿ? ಅಯ್ಯೋ ಅದರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ" ಎಂದು ಶುರು ಮಾಡಿದೆ. ಫೋನನ್ನು ತಟ್ಟೆಗಳ ಮೇಲೆ ನೀರು ಚಿಮುಕಿಸಿದಂತೆ ಆಡಿಸುತ್ತ, ನಮ್ಮ ಮನೆಯಲ್ಲಿ ಇಲ್ಲದ ಸೋಫಾದ ಕಥೆ ಹೇಳಿದೆ. ಅದರ ಮೇಲೆ ಯಾರು ಯಾರು ಕೂರುತ್ತಾರೆ, ನಮ್ಮ ಬಾವ ಕೂತರೆ ಏಳುವುದೇ ಇಲ್ಲ, ಆಡು ಹತ್ತಿ ಕೂತು ಇಳಿಯಲೊಲ್ಲದು, ಬೀಗರು ಬಂದವರು ವಾಪಸು ಹೋಗಲೊಲ್ಲರು.

"ಆರಾಮಕ್ಕೆ ಹತ್ತರಲ್ಲಿ ಎಷ್ಟು ಅಂಕ ನೀಡುತ್ತೀರಿ ಸರ್?"

"ಅದು ಮನೆಯೋರ್ನೆಲ್ಲ ಕೇಳಿ ಹೇಳ್ಬೇಕಮ್ಮ. ಬಾವಾ, ಕೂತ್ರೆ ಹೆಂಗೈತೆ?"

"ಎಲ್ಲಿ ಕೂತ್ರೆ?" ಎಂದ ಬಾವ.

"ನೋಡಮ್ಮ, ಎಲ್ಲಿ ಕೂತಿದೀನಿ ಅನ್ನೋದೇ ಮರ್ತೋಗದೆ ಅವನಿಗೆ. ಅಷ್ಟು ಆರಾಮ."

ಆ ಕಡೆ ಹುಡುಗಿ ಉಸಿರೆಳೆದು ಮೂಸಿದ್ದು ಕೇಳಿಸಿತು. "ಸರ್, ಒಂದು ಕೇಳ್ಲಾ? ಸೋಫಾ ಇರೋ ಮನೆಯಲ್ಲಿ ಇಷ್ಟೊಂದು ಹಸಿರು ಸೊಪ್ಪಿನ ವಾಸನೆ ಯಾಕೆ? ಮತ್ತೆ... ನಿಮ್ಮ ಕಡೆ ಮಳೆ ಬರ್ತಿದೆಯಾ?"

ಮಳೆ ಅಲ್ಲ. ಅಷ್ಟರಲ್ಲಿ ಎಲ್ಲಾ ಹುಳಗಳೂ ತಿನ್ನಲು ಹತ್ತಿದ್ದವು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕೊರೆದರೆ ಒಣ ನೆಲದ ಮೇಲೆ ಮಳೆ ಹನಿ ಬಿದ್ದಂತೆಯೇ ಕೇಳುತ್ತದೆ.  ಆಗ ಪಿಳ್ಳಕ್ಕ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಫೋನಿನಲ್ಲಿ ಮಾತಾಡಿದವಳೇ ಅಲ್ಲ. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಅಂಗೈ ಮೇಲೆ ಮಲಗಿಸಿಕೊಂಡು ಹೇಳಿದಳು.

"ಸೋಫಾ ಇಲ್ಲ ತಾಯಿ. ರೇಷ್ಮೆ ಹುಳ ಅವೆ. ಸೆಕೆಗೆ ಸಾಯ್ತಾ ಇದ್ವು. ನಿನ್ ಗಾಳಿಗೆ ಎದ್ವು. ಕಟ್ ಮಾಡಿದ್ರೆ ಮತ್ತೆ ಮಲಕ್ಕೊಂತವೆ. ಅವು ಹೋದ್ರೆ ತೋಟಾನೂ ಹೋಗ್ತದೆ. ಇನ್ನೇನ್ ಹೇಳ್ಲಿ?"

ಆ ಕಡೆಯಿಂದ ಬಂದದ್ದು ಅದೇ ದನಿ. ಮಾತು ಮಾತ್ರ ಪ್ರಿಯಾಳದ್ದಾಗಿರಲಿಲ್ಲ. "ಹುಳಾ ಅಂದ್ರ ಜೀವಂತ ಹುಳಾ ಏನ್ರೀ ಅಕ್ಕಾ? ಇದು ಅವು ತಿನ್ನೋ ಸಪ್ಪಳಾ?" ಎಂದಿತು ಆ ದನಿ. "ನಾವು ಮೊದಲು ಕಟ್ ಮಾಡಂಗಿಲ್ರೀ ಇಲ್ಲಿ, ಕಂಪನಿ ರೂಲ್ಸ್ ಐತಿ. ನೀವು ಮಾಡೂತನಕ ನಾ ಮಾಡಂಗಿಲ್ಲ. ನನ್ನ ತಲಿ ಮ್ಯಾಲೇ ಎಸಿ ಐತ್ರಿ, ಶಾಲು ಹೊದ್ಕೊಂಡು ಕುಂತೇನಿ. ತಗೋರಿ, ಎಷ್ಟು ಬೇಕೋ ತಗೋರಿ." ಅವಳ ನಿಜವಾದ ಹೆಸರು ಹುಲಿಗೆಮ್ಮ.

ಆ ದಿನ ಅವಳ ಕೆಲಸ ಮುಗಿಯುವ ತನಕ ಫೋನು ತಟ್ಟೆಗಳ ಮೇಲೆ ತೂಗಾಡುತ್ತಿತ್ತು. ನನ್ನ ಆಟೋದ ಮೈಕಿನ ಬ್ಯಾಟರಿಯಿಂದ ವೈರು ಎಳೆದು ಅದಕ್ಕೆ ಚಾರ್ಜು ಕೊಟ್ಟೆವು. ಮರುದಿನ ಬಿಸಿಲು ಏರುವ ಹೊತ್ತಿಗೆ ಅವಳೇ ಮಾಡಿದಳು. ಅವಳ ಪಕ್ಕ ಕೂರುವ ಒಬ್ಬ ರಾಹುಲ್ ಬುಡೇನ್ ಸಾಬರ ಫೋನಿಗೆ ಮಾಡಿದ. ಸಾಬರು ಬಂದು ಹೊಸಿಲಲ್ಲಿ ಕೂತು, ಜನ್ಮದಲ್ಲಿ ಮುಟ್ಟದ ಕಾರಿನ ಬಗ್ಗೆ ದೂರು ಹೇಳಿದ್ದೇ ಹೇಳಿದ್ದು. "ಬ್ರೇಕು ಸರಿಯಿಲ್ಲ ಸಾಹೇಬ್ರೆ. ಮೈಲೇಜಾ? ಅದನ್ನ ನೆನೆಸ್ಕೊಂಡ್ರೆ ಊಟ ಸೇರಲ್ಲ." ಅವರ ಹೆಂಡತಿ ಹಿಂದಿನಿಂದ, "ಸೈಕಲ್ಲಿಗೆ ಗಾಳಿ ಇಲ್ಲ, ಕಾರಿಗೆ ಮಾರ್ಕ್ಸ್ ಹಾಕ್ತಾರೆ!" ಎಂದಳು. ಆ ಕಡೆಯ ರಾಹುಲ್ ನಕ್ಕಿದ್ದು ನಮಗೆಲ್ಲ ಕೇಳಿಸಿತು. ಹೀಗೆ ಬಿಸಿಲಿನ ಹೊತ್ತು ಕಳೆಯುತ್ತ ಬಂತು. ಬಾವ ಮಾತ್ರ ನಂಬಲಿಲ್ಲ. ಇಟ್ಟಿಗೆ ಗೂಡಿನವರು ಬಂದು ತೋಟದ ಬದುವಿನಲ್ಲಿ ಗೂಟ ನೆಟ್ಟು ಹೋದರು. ಅವನು ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ.

ಹುಳ ಹಣ್ಣಾಗುವ ಮೊದಲಿನ ಕೊನೆಯ ಊಟದ ದಿನ ಬಂತು. ಆ ಊಟ ತಪ್ಪಿದರೆ ಗೂಡಿಗೆ ಎಳೆಯೇ ಇರದು. ಸೆಕೆಗೂ ಅದು ಗೊತ್ತಿತ್ತೇನೋ. ಬಾವಿಯ ನೀರಿಗೆ ಕೈ ಇಟ್ಟರೆ ಸ್ನಾನಕ್ಕೆ ಕಾಯಿಸಿದಂತಿತ್ತು. ಪಿಳ್ಳಕ್ಕ ಸೊಪ್ಪಿನ ಮಕ್ಕರಿ ಹಿಡಿದು ಕಾದಳು. ಹುಲಿಗೆಮ್ಮನ ಫೋನು ಬಂತು. ಅವಳು, "ಅಕ್ಕಾ..." ಎನ್ನುವಷ್ಟರಲ್ಲಿ ಇನ್ನೊಂದು ದನಿ, ಗಂಡಸಿನದು, ಅಡ್ಡ ಬಂತು.

"ಯಾರಿದು? ದಿನಾ ಇದೇ ನಂಬರಿಗೆ ಯಾಕೆ ಹೋಗ್ತಿದೆ ಕಾಲ್? ಒಂದು ಮಧ್ಯಾಹ್ನಕ್ಕೆ ಒಂದೇ ಸರ್ವೇನಾ? ಎಲ್ಲರೂ ಕೆಲಸ ನಿಲ್ಸಿ. ಸ್ಪೀಕರ್‌ಗೆ ಹಾಕ್ತೀನಿ, ಕೇಳ್ಸ್ಕೊಳ್ಳಿ, ಕಂಪನಿ ಟೈಮಲ್ಲಿ ಇವಳು ಏನ್ ಮಾಡ್ತಿದ್ದಾಳೆ ಅಂತ."

ಅದು ಅವರ ಟೀಮ್ ಲೀಡರ್. ನಾನು ಬಾಯಿ ತೆರೆದೆ.  ಪಿಳ್ಳಕ್ಕ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. ಅವಳು ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಮಕ್ಕರಿಯಿಂದ ಸೊಪ್ಪು ತೆಗೆದು ಮೊದಲ ತಟ್ಟೆಗೆ ಹರಡಿದಳು. ಎರಡನೆಯದಕ್ಕೆ ಹರಡಿದಳು. ಕೊನೆಯ ತಟ್ಟೆಗೆ ಹೋಗುವಷ್ಟರಲ್ಲಿ ಆ ಮನೆಯೊಳಗೆ ಮಳೆ ಹಿಡಿದುಕೊಂಡಿತು. ಮೊದಲು ತುಂತುರು, ಆಮೇಲೆ ಹನಿ, ಆಮೇಲೆ ಧೋ ಎನ್ನುವ ಸುರಿತ.

ಆ ಕಡೆ ದೊಡ್ಡ ರೂಮಿನಲ್ಲಿ ಇನ್ನೂ ಕೆಲವರು ಮಾತಾಡುತ್ತಿದ್ದರು. "ಒಂದರಿಂದ ಹತ್ತರೊಳಗೆ..." ಎಂದು ಯಾರೋ ಹೇಳುತ್ತಿದ್ದರು, ಅಲ್ಲಿಗೇ ನಿಂತಿತು. ಒಂದೊಂದೇ ದನಿ ಆರುತ್ತ ಬಂದು ಕೊನೆಗೆ ಎಲ್ಲವೂ ಆರಿತು. ಕುರ್ಚಿಗಳು ಹಿಂದೆ ಸರಿದ ಸದ್ದು ಕೇಳಿಸಿತು. ಜನ ಎದ್ದು ನಿಂತಿದ್ದರು. ಮಣ್ಣಿಲ್ಲದ, ಒಲೆಯಿಲ್ಲದ ಆ ಜಾಗಕ್ಕೆ ನಮ್ಮ ಸೊಪ್ಪಿನ ವಾಸನೆ ಹೋಗಿ ತಲುಪಿರಬೇಕು. "ಮಳಿ" ಎಂದಿತು ಒಂದು ಹೆಣ್ಣು ದನಿ, ಮೆಲ್ಲಗೆ. ಯಾರೋ ಬಿಕ್ಕಿದರು. ಆ ಟೀಮ್ ಲೀಡರ್ ಗಂಟಲು ಸರಿ ಮಾಡಿಕೊಂಡ. ಆಮೇಲೆ ಆ ಕಡೆಯಿಂದಲೇ ಫೋನು ಕಟ್ಟಾಯಿತು.

ಸೆಕೆ ಗೂಳಿಯ ಹಾಗೆ ಒಳಗೆ ನುಗ್ಗಿತು. ಮಳೆ ಸಣ್ಣಗಾಗುತ್ತ ಹೋಯಿತು. ಒಂದು ತಟ್ಟೆ ಸುಮ್ಮನಾಯಿತು, ಇನ್ನೊಂದು ಸುಮ್ಮನಾಯಿತು. ಪಿಳ್ಳಕ್ಕ ಗೋಡೆಗೆ ಒರಗಿ ಕೂತಳು. ಬಾವ ಬಾಗಿಲಲ್ಲಿ ನಿಂತಿದ್ದವನು ಅವಳ ಮುಖ ನೋಡಲಾರದೆ ಹೊರಗೆ ಹೋದ. ಗುದ್ದಲಿ ಇಟ್ಟ ಮೂಲೆಯ ಕಡೆ ಅವನ ಹೆಜ್ಜೆ ಹೋಗುತ್ತಿದ್ದುದು ನಮಗಿಬ್ಬರಿಗೂ ಕೇಳುತ್ತಿತ್ತು.

ಆಗ ಊರ ಕಡೆ ಬುಡೇನ್ ಸಾಬರ ಫೋನು ಹೊಡೆದುಕೊಂಡಿತು. ಅದು ನಿಲ್ಲುವ ಮೊದಲೇ ಅವರ ಎದುರು ಮನೆಯದು. ಅದರಾಚೆಯದು. ಹೋಟೆಲಿನದು, ಹಿಟ್ಟಿನ ಗಿರಣಿಯದು, ಕ್ಷೌರದ ಅಂಗಡಿಯದು. ರಾಗಿ ಡ್ರಮ್ಮುಗಳ ಒಳಗಿಂದ, ದಿಂಬುಗಳ ಕೆಳಗಿಂದ, ಇಡೀ ಊರಿನ ಫೋನುಗಳು ಒಟ್ಟಿಗೆ ಬಾಯಿ ಬಿಟ್ಟವು. ಆ ಟೀಮ್ ಲೀಡರ್ ಹೇಳಿದನೋ, ಅವನು ಸುಮ್ಮನಿದ್ದಾಗ ಅವರೇ ಮಾಡಿದರೋ, ಇಂದಿಗೂ ನನಗೆ ಗೊತ್ತಿಲ್ಲ. ನಾನು ಓಡಿ ಆಟೋ ಹತ್ತಿ ಮೈಕು ಹಿಡಿದೆ. "ಫೋನ್ ಎತ್ರಪ್ಪೋ! ಟವಲ್ಲು ಬ್ಯಾಡ, ಮೆಣಸಿನಕಾಯಿ ಬ್ಯಾಡ! ಎತ್ತಿ, ಕಟ್ ಮಾಡ್ದೆ ಪಿಳ್ಳಮ್ಮನ ಮನೆಗೆ ತಗೊಂಡ್ ಬನ್ನಿ! ನಡ್ಕೊಂಡಲ್ಲ, ಓಡ್ಕೊಂಡ್ ಬನ್ನಿ!"

ಜನ ಬಂದರು. ದೀಪ ಆರದಂತೆ ಹಿಡಿದು ಬರುತ್ತಾರಲ್ಲ, ಹಾಗೆ ಎರಡೂ ಕೈಯಲ್ಲಿ ಫೋನು ಹಿಡಿದು ಬಂದರು. ಅವರು ನಡೆದ ಬೀದಿಯಲ್ಲಿ ಧೂಳು ತಣ್ಣಗಾಗಿ ಕೂತಿತು. ಅಷ್ಟು ಆತುರದಲ್ಲೂ ಒಬ್ಬರೂ ಕಾಲು ತೊಳೆಯದೆ, ಸುಣ್ಣ ತುಳಿಯದೆ ಒಳಗೆ ಬರಲಿಲ್ಲ. ನಾನೂ ಬಾವನೂ ಫೋನುಗಳನ್ನು ಬಟ್ಟೆಯಲ್ಲಿ ಕಟ್ಟಿ ತಟ್ಟೆಗಳ ಮೇಲಿನ ಬಿದಿರಿಗೆ ತೂಗುಹಾಕಿದೆವು. ಆ ಆಫೀಸಿನ ತುಂಬ ಇದ್ದ ತಂಪೆಲ್ಲ ಆ ಮನೆಗೆ ಇಳಿಯಿತು. ಸುಡುವ ಬೇಸಿಗೆಯ ನಡು ಮಧ್ಯಾಹ್ನ ನೆಲದ ಮೇಲೆ ಮಂಜು ಎದ್ದಿತು. ಬುಡೇನ್ ಸಾಬರ ಗಡ್ಡದಲ್ಲಿ ಹನಿ ಕೂತವು. ಸಂತೆಗೆ ಹೊರಟವರು ಕಂಬಳಿ ತರಿಸಿಕೊಂಡು ಹೊದ್ದು ನಿಂತರು. ಯಾವ ಫೋನಿನಿಂದಲೂ ಒಂದು ಪ್ರಶ್ನೆ ಬರಲಿಲ್ಲ. ಉಸಿರು ಮಾತ್ರ ಬರುತ್ತಿತ್ತು. ಎಲ್ಲಿಯೋ ಕೂತ ಅಷ್ಟೊಂದು ಹೆಸರು ಗೊತ್ತಿಲ್ಲದ ಜನ, ಹುಳ ತಿನ್ನುವುದನ್ನು ಕೇಳುತ್ತ ನಮ್ಮ ತಲೆಯ ಮೇಲೆ ಉಸಿರಾಡುತ್ತಿದ್ದರು.

ಹುಳಗಳು ಮತ್ತೆ ತಿಂದವು. ಮಕ್ಕರಿ ಬರಿದಾದರೆ ಬಾವ ತೋಟಕ್ಕೆ ಓಡಿ ಸೊಪ್ಪು ತರುತ್ತಿದ್ದ. ಹೊತ್ತು ಇಳಿಯುವಷ್ಟರಲ್ಲಿ ಅವು ಒಂದೊಂದಾಗಿ ತಿನ್ನುವುದು ನಿಲ್ಲಿಸಿದವು.  ಆದರೆ ಈ ಸಲ ಅವು ಮಲಗಲಿಲ್ಲ. ಎಲ್ಲವೂ ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಮೆಲ್ಲಗೆ ತೂಗಿದವು. ಪಿಳ್ಳಕ್ಕ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಅದರ ಮೈ ದ್ರಾಕ್ಷಿಯಷ್ಟು ತಿಳಿಯಾಗಿ, ಬೆಳಕು ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. "ಹಣ್ಣಾದ್ವು" ಎಂದಳು. ಕಂಬಳಿ ಹೊದ್ದು ನಿಂತವರು ಒಬ್ಬರ ಹಿಂದೆ ಒಬ್ಬರು ಬಗ್ಗಿ ನೋಡಿದರು.  ಫೋನುಗಳ ಆ ಕಡೆಯವರ ಕೆಲಸದ ಹೊತ್ತು ಮುಗಿದಿತ್ತು. ಅವರ ರೂಲ್ಸು ನೆನಪಾಗಿ ನಾವೇ ಒಂದೊಂದಾಗಿ ಕಟ್ ಮಾಡಿದೆವು, ಒಂದೊಂದಕ್ಕೂ ಕೈ ಮುಗಿದು.

ಹಣ್ಣಾದ ಹುಳಗಳನ್ನು ಗೂಡು ಕಟ್ಟಲೆಂದು ಬಿದಿರು ಹೆಣೆದ ಚಂದ್ರಿಕೆಗಳಿಗೆ ಬಿಟ್ಟೆವು. ತಂಪು ಎರಡು ದಿನ ಹಾಗೆಯೇ ಆ ಗೋಡೆಗಳಲ್ಲಿ ಉಳಿದಿತ್ತು. ಅಷ್ಟರಲ್ಲಿ ಅವು ಎಳೆ ಸುತ್ತಿಕೊಂಡು ಒಳಗೆ ಮಾಯವಾದವು. ಗೂಡು ಬಿಡಿಸುವ ದಿನ ಬುಡೇನ್ ಸಾಬರು ರಾಶಿಯೊಳಗೆ ಮೊಣಕೈ ತನಕ ಕೈ ಇಳಿಸಿ, ಹಾಗೇ ಕಣ್ಣು ಮುಚ್ಚಿ ನಿಂತುಬಿಟ್ಟರು. "ಇನ್ನೂ ತಣ್ಣಗದೆ ಪಿಳ್ಳಮ್ಮ" ಎಂದರು.

ಅದಾದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಫೋನು ಬಂತು. ಎತ್ತಿದರೆ ತಂಪಿಲ್ಲ. ಬೆಂಕಿಯಂಥ ಗಾಳಿ ಬಂದು ನನ್ನ ಹುಬ್ಬು ಸುಟ್ಟಿತು. ನಮ್ಮ ಸೆಕೆ ಅದರ ಮುಂದೆ ಏನೂ ಅಲ್ಲ. ಈ ಗಾಳಿಗೆ ವಾಸನೆ ಇತ್ತು. ಕಾದ ತಗಡು, ಸೀಮೆಎಣ್ಣೆ, ಎಳೆ ಮಗುವಿನ ಮೈಯ ಹಾಲು. ಒಂದು ಮಗು ಅತ್ತು ಅತ್ತು ದನಿ ಬತ್ತಿ ಕೊರಗುತ್ತಿತ್ತು.

"ಅಣ್ಣಾರ, ನಾ ಹುಲಿಗೆಮ್ಮ. ಮನಿಯಿಂದ ಮಾಡೇನ್ರಿ. ಹುಳ ಉಳದೂ ಏನ್ರೀ?"

ಪಿಳ್ಳಕ್ಕ ಫೋನು ತೆಗೆದುಕೊಂಡಳು. ಆ ಸೆಕೆಗೇ ಕೆನ್ನೆ ಕೊಟ್ಟು ಹಿಡಿದಳು. "ಉಳದ್ವು ಕಣವ್ವ. ಎಲ್ಲಾ ಗೂಡು ಕಟ್ಟಿದ್ವು. ಇದೇನಿದು ಹಿಂಗೆ ಸುಡ್ತೈತೆ? ನಿಂಗೆ ಅಲ್ಲಿ ತಣ್ಣಗಿತ್ತಲ್ಲ?"

"ಅದು ಆಫೀಸಿಂದ್ರೀ ಅಕ್ಕಾ, ನಮ್ಮದಲ್ಲ. ನಮ್ಮನಿ ತಗಡಿನ ಶೆಡ್ಡು. ಕೂಸಿಗೆ ಮೈ ತುಂಬ ಬೆವರುಸಾಲಿ ಎದ್ದಾವು, ಮಲಗವಲ್ದು. ಇರ್ಲಿ ಬಿಡ್ರಿ, ಹುಳಾ ಉಳದ್ವಲ್ಲ. ಇಡ್ತೇನ್ರಿ."

"ಇಡ್ಬ್ಯಾಡ!" ಎಂದಳು ಪಿಳ್ಳಕ್ಕ. ಫೋನು ಹಿಡಿದುಕೊಂಡೇ ಹಿತ್ತಲ ಬಾಗಿಲು ದಾಟಿ ತೋಟಕ್ಕೆ ಓಡಿದಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಅಲ್ಲಿ ಬಾವ ಪಂಚೆ ಎತ್ತಿ ಕಟ್ಟಿಕೊಂಡು ಮುಂದಿನ ಬೆಳೆಯ ಸೊಪ್ಪಿಗೆ ನೀರು ಕಟ್ಟುತ್ತಿದ್ದ. ಇಟ್ಟಿಗೆಯವರು ನೆಟ್ಟ ಗೂಟಗಳನ್ನು ಕಿತ್ತು ನೀರಿನ ಬಾಯಿಗೆ ಅಡ್ಡ ಇಟ್ಟಿದ್ದ. ಪಿಳ್ಳಕ್ಕ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಒದ್ದೆ ಸೊಪ್ಪು ಒತ್ತಾಗಿ ಬೆಳೆದ ಕಡೆ ಕೊಂಬೆಯ ಕವಲಿಗೆ ಫೋನು ಸಿಕ್ಕಿಸಿ ಇಟ್ಟಳು.

"ಕೂಸನ್ನ ಫೋನಿನ ಪಕ್ಕಕ್ಕೆ ಮಲಗ್ಸವ್ವ. ಮುಖ ಈ ಕಡೆ ಮಾಡು."

"ಯಾರೇ ಅದು?" ಎಂದ ಬಾವ. ಅವಳು ಬೆರಳು ತುಟಿಗೆ ಇಟ್ಟುಕೊಂಡಳು. ಅವನು ಬಗ್ಗಿ ನೋಡಿದ, ಕೇಳಿಸಿಕೊಂಡ. ಹೋಗಿ ಬದು ಒಡೆದು ಆ ಸಾಲಿಗೇ ನೀರು ಬಿಟ್ಟ. ನೀರು ತಣ್ಣಗೆ ಹರಿದು ಬಂದು ಅಕ್ಕನ ಪಾದ ಮುಚ್ಚಿತು. ನಾವು ಬಿಟ್ಟ ತಂಪು ಅಷ್ಟು ದೂರ ಹೋಗುತ್ತಿತ್ತು. ಮಗುವಿನ ಕೊರಗು ಸಣ್ಣಗಾಯಿತು. ನಿಂತಿತು. ಆಮೇಲೆ ನಿದ್ದೆಯ ಉಸಿರು ಬರತೊಡಗಿತು, ಬಿಸಿಯಾಗಿ, ಬಿಟ್ಟು ಬಿಟ್ಟು. ಪ್ರತಿ ಉಸಿರಿಗೂ ಫೋನಿನ ಮೇಲೆ ಬಾಗಿದ್ದ ಒಂದು ಎಳೆ ಸೊಪ್ಪು ಅಲುಗುತ್ತಿತ್ತು. ನಾವು ಮೂವರೂ ನೀರಿನಲ್ಲಿ ಕಾಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತೆವು.